ಹಂಗಿಲ್ಲದ ಅನ್ನ: ಆನಗೋಡು ಸೀಮೆ ಮತ್ತು ಪ್ರಸಾದ ನಿಲಯಗಳು



ಆಯ್ದಕ್ಕಿ ಮಾರಯ್ಯನವರ ಪ್ರಸಂಗವನ್ನು ತಾವೆಲ್ಲರೂ ಬಲ್ಲಿರಿ. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹಗೈಯುತ್ತಿದ್ದ ಆ ಶರಣರು ಒಂದು ದಿನ ನಿತ್ಯಕ್ಕಿಂತ ಹೆಚ್ಚು ತಂದಾಗ, ಧರ್ಮಪತ್ನಿ ಲಕ್ಕಮ್ಮನವರು ಅದನ್ನು ಹಿಂದಿರುಗಿಸಲು ಹೇಳಿದರು. ಹಂಗಿನಲ್ಲಿರಿಸುವ ಅನ್ನ ಬೇರೆ, ಸ್ವಂತ ಕಾಲ ಮೇಲೆ ನಿಲ್ಲಿಸುವ ಅನ್ನ ಬೇರೆ. ನಮ್ಮ ಮಠಗಳು ಇಪ್ಪತ್ತನೆಯ ಶತಮಾನದಲ್ಲಿ ತೆರೆದ ಉಚಿತ ಪ್ರಸಾದ ನಿಲಯಗಳನ್ನು ಈ ಒರೆಗಲ್ಲಿಗೇ ಹಚ್ಚಿ ನೋಡಬೇಕು.

ಆನಗೋಡು ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಹೋಗುವ ಹೆದ್ದಾರಿಯ ಮೇಲಿನ ಊರು. ಅದೇ ದಾರಿಯಲ್ಲಿ ಮುಂದೆ ಭರಮಸಾಗರ, ಹೆದ್ದಾರಿಯಿಂದ ಒಳಗೆ ಸಿರಿಗೆರೆ. 1997ರಲ್ಲಿ ದಾವಣಗೆರೆ ಜಿಲ್ಲೆ ರಚನೆಯಾಗುವವರೆಗೂ ಈ ಸೀಮೆಯೆಲ್ಲ ಚಿತ್ರದುರ್ಗ ಜಿಲ್ಲೆಗೇ ಸೇರಿತ್ತು. ಮಳೆಯನ್ನು ನಂಬಿದ ಬೆದ್ದಲು ಭೂಮಿ. ಇಂತಹ ಊರುಗಳಲ್ಲಿ ಹಳ್ಳಿಯ ಶಾಲೆ ಮುಗಿಸಿದ ಬಡ ಬಾಲಕನಿಗೆ ಮುಂದಿನ ಓದು ಪೇಟೆಯಲ್ಲಿತ್ತು. ಅವನನ್ನು ತಡೆದದ್ದು ಶುಲ್ಕಕ್ಕಿಂತ ಹೆಚ್ಚಾಗಿ ಮಲಗುವ ಜಾಗ ಮತ್ತು ಎರಡು ಹೊತ್ತಿನ ಊಟ.

1903ರಲ್ಲಿ ಚಿತ್ರದುರ್ಗದ ಮುರುಘಾ ಪೀಠವನ್ನೇರಿದ ಶ್ರೀ ಜಯದೇವ ಮಹಾಸ್ವಾಮಿಗಳು ಈ ಅಡ್ಡಿಯನ್ನು ಸರಿಯಾಗಿ ಗುರುತಿಸಿದರು. ದಾವಣಗೆರೆ, ಬೆಂಗಳೂರು ಮುಂತಾದೆಡೆ ವಿದ್ಯಾರ್ಥಿನಿಲಯಗಳು ಅವರ ಕೃಪೆಯಿಂದ ಎದ್ದವು. ದಾವಣಗೆರೆಯ ಜಯದೇವ ವೃತ್ತ ಇಂದಿಗೂ ಆ ಹೆಸರನ್ನು ಹೊತ್ತಿದೆ. ಅದೇ ಕಾಲದಲ್ಲಿ ದಾವಣಗೆರೆಯ ವಿರಕ್ತಮಠದ ಶ್ರೀ ಮೃತ್ಯುಂಜಯ ಸ್ವಾಮಿಗಳೂ ಹರ್ಡೇಕರ ಮಂಜಪ್ಪನವರೂ ಕೂಡಿ 1913ರಲ್ಲಿ ಸಾರ್ವಜನಿಕ ಬಸವ ಜಯಂತಿಯನ್ನು ಆರಂಭಿಸಿದರು. ಸ್ವತಃ ಬಡತನದಲ್ಲಿ ಬೆಳೆದ ಮಂಜಪ್ಪನವರು ಮುಂದೆ ಹರಿಹರದ ತುಂಗಭದ್ರಾ ತೀರದಲ್ಲಿ ಆಶ್ರಮ ಕಟ್ಟಿದರು. ಕಾಯಕವೆಂಬ ಮಾತಿಗೆ ಅವರಷ್ಟು ನಿಷ್ಠುರವಾಗಿ ನಡೆದುಕೊಂಡವರು ವಿರಳವೆಂದೇ ನಮ್ಮ ಎಣಿಕೆ.

ಪ್ರಸಾದ ನಿಲಯಗಳು ನಡೆದದ್ದು ಜೋಳಿಗೆಯಿಂದ. ಸ್ವಾಮಿಗಳು ಊರೂರು ತಿರುಗಿ ಭಿಕ್ಷೆಯಾಗಿ ತಂದ ದವಸವೇ ಮಕ್ಕಳ ಪ್ರಸಾದ. ಉಂಡ ಹುಡುಗನು ಕಸ ಗುಡಿಸಬೇಕು, ನೀರು ಸೇದಬೇಕು, ಸರದಿಯಂತೆ ಪಂಕ್ತಿಗೆ ಬಡಿಸಬೇಕು. ಬಡಿಸುವ ಕೈಗೆ ದೀನಭಾವ ಅಂಟುವುದಿಲ್ಲ. ಇದನ್ನು ಶಿಸ್ತು ಎಂದಷ್ಟೇ ಕರೆಯುವವರು ಲಕ್ಕಮ್ಮನವರನ್ನು ಅರಿತಿಲ್ಲ.

ಆದರೆ ಒಂದು ಕೊರತೆಯನ್ನು ಮರೆಮಾಚಲಾಗದು. ಮೊದಮೊದಲ ನಿಲಯಗಳೆಲ್ಲ ಪ್ರಾಯಶಃ ಗಂಡುಮಕ್ಕಳಿಗೇ ಮೀಸಲು. ಅಕ್ಕಮಹಾದೇವಿಯವರನ್ನು ನಿತ್ಯವೂ ಸ್ಮರಿಸುವ ಸಮಾಜದಲ್ಲಿಯೇ ಹೆಣ್ಣುಮಗಳು ಒಲೆಯ ಮುಂದೆ ಉಳಿದಳು. ಪರವೂರಿನ ನಿಲಯಕ್ಕೆ ಮಗಳನ್ನು ಕಳುಹಿಸಲು ತಂದೆತಾಯಿಗಳಿಗೆ ಧೈರ್ಯವೂ ಇರಲಿಲ್ಲ.

ಈ ಗಂಟನ್ನು ಬಿಚ್ಚಿದ್ದು ಸಿರಿಗೆರೆಯ ತರಳಬಾಳು ಬೃಹನ್ಮಠದ ಶ್ರೀ ಶಿವಕುಮಾರ ಶಿವಾಚಾರ್ಯ ಮಹಾಸ್ವಾಮಿಗಳು (1914–1992) ಹಿಡಿದ ಇನ್ನೊಂದು ದಾರಿ. 1946ರಲ್ಲಿ ಸಿರಿಗೆರೆಯಂತಹ ಹಳ್ಳಿಯಲ್ಲಿಯೇ ಅವರು ವಿದ್ಯಾಸಂಸ್ಥೆಯನ್ನು ಆರಂಭಿಸಿದರು. ಬಳಿಕ ಸುತ್ತಲಿನ ಗ್ರಾಮಗಳಲ್ಲಿ ಒಂದೊಂದಾಗಿ ಪ್ರೌಢಶಾಲೆಗಳು ತೆರೆದವು. ಸಹಪಂಕ್ತಿ ಭೋಜನಕ್ಕೆ ಜಾತಿಯ ಗೋಡೆಯನ್ನೂ ಅವರು ಅಡ್ಡ ಬರಗೊಡಲಿಲ್ಲ. ಮಗುವನ್ನು ಪೇಟೆಯ ಶಾಲೆಗೆ ಒಯ್ಯುವ ಬದಲು ಶಾಲೆಯೇ ಮಗುವಿನ ಊರಿಗೆ ಬಂದಾಗ, ಮನೆಯ ಪ್ರಸಾದವನ್ನೇ ಉಂಡು ಹೆಣ್ಣುಮಕ್ಕಳೂ ತರಗತಿಯಲ್ಲಿ ಕುಳಿತರು.