ಕಾಡುಹಾದಿಯ ಕುದುರೆ

ವಚನಗಳಲ್ಲಿ ಮನಸ್ಸು ಕುದುರೆಯಾಗಿ ಬಂದೊಡನೆ ನಮ್ಮ ವ್ಯಾಖ್ಯಾನಕಾರರು ಕಠೋಪನಿಷತ್ತಿನ ರಥವನ್ನು ನೆನೆಯುವುದು ವಾಡಿಕೆಯಾಗಿದೆ. ಅಲ್ಲಿ ಶರೀರವು ರಥ, ಬುದ್ಧಿಯು ಸಾರಥಿ, ಮನಸ್ಸು ಲಗಾಮು, ಇಂದ್ರಿಯಗಳು ಕುದುರೆಗಳು. ಹೋಲಿಕೆಯನ್ನು ಅಲ್ಲಗಳೆಯಬೇಕಾಗಿಲ್ಲ. ಆದರೆ ಶರಣರ ಮಾತಿನಲ್ಲಿ ಹಲವೆಡೆ ರಥವೂ ಇಲ್ಲ, ಸಾರಥಿಯೂ ಇಲ್ಲ. ಹಲ್ಲಣ, ವಾಘೆ, ಮೇಲೊಬ್ಬ ರಾವುತ, ಇಷ್ಟೇ. ಈ ವ್ಯತ್ಯಾಸದ ಅರ್ಥವನ್ನು ತಿಳಿಯಲು ಗ್ರಂಥಗಳಿಗಿಂತಲೂ ನಮ್ಮ ಸೀಮೆಯ ಗುಡ್ಡಗಳೇ ಹೆಚ್ಚು ನೆರವಾಗುವುವೆಂದು ನನ್ನ ಭಾವನೆ.

ರಥಕ್ಕೆ ಸಮನಾದ ದಾರಿ ಬೇಕು. ಕೊಟ್ಟೂರಿನ ಮಹಾರಥವೂ ತನ್ನ ಬೀದಿಯನ್ನು ಬಿಟ್ಟು ಹೊರಡಲಾರದು! ಕೂಡ್ಲಿಗಿಯಿಂದ ಗುಡೇಕೋಟೆ, ಜರಿಮಲೆಗಳ ಕಡೆಗೆ ನಡೆದವರು ಅಲ್ಲಿನ ಹೆಬ್ಬಂಡೆಗಳನ್ನೂ ಕುರುಚಲು ಕಾಡನ್ನೂ ಬಲ್ಲರು. ಅದು ಕರಡಿಗಳ ನೆಲೆ. ಗುಡೇಕೋಟೆಯ ಅರಣ್ಯವು 2013ರಲ್ಲಿ ಕರಡಿಧಾಮವೆಂದು ಘೋಷಿತವಾಯಿತು. ಪಶ್ಚಿಮಕ್ಕೆ ಹಡಗಲಿ ಸೀಮೆಯಲ್ಲಿ ಮಲ್ಲಪ್ಪನ ಗುಡ್ಡದ ಸಾಲು, ದಕ್ಷಿಣಕ್ಕೆ ಹರಪನಹಳ್ಳಿ ಸೀಮೆಯಲ್ಲಿ ಉಚ್ಚಂಗಿದುರ್ಗ. ಜಿಲ್ಲೆಯ ಗಡಿಗಳೇನೋ ಬದಲಾಗುತ್ತಲೇ ಬಂದಿವೆ. ಹರಪನಹಳ್ಳಿಯು 1997ರಲ್ಲಿ ದಾವಣಗೆರೆಗೆ ಸೇರಿ, 2018ರಲ್ಲಿ ಬಳ್ಳಾರಿಗೆ ಮರಳಿ, 2021ರಲ್ಲಿ ವಿಜಯನಗರ ಜಿಲ್ಲೆಯ ಪಾಲಾಯಿತು. ಗುಡ್ಡಗಳು ಇದ್ದಲ್ಲಿಯೇ ಇವೆ.

ಇಮ್ಮಡಿ ವೀರಬಲ್ಲಾಳನು 1177ರಲ್ಲಿ ಉಚ್ಚಂಗಿಯ ಪಾಂಡ್ಯರಿಂದ ಗೆದ್ದುಕೊಂಡದ್ದು ಇಂತಹ ಗಿರಿದುರ್ಗವನ್ನು. ಮುಂದೆ ವಿಜಯನಗರದ ಕಾಲಕ್ಕೆ ಅಶ್ವವ್ಯಾಪಾರವು ರಾಜ್ಯದ ಜೀವನಾಡಿಯೇ ಆಯಿತು. ಅರಸನು ವರ್ಷಕ್ಕೆ 13,000 ಕುದುರೆಗಳನ್ನು ಕೊಳ್ಳುತ್ತಿದ್ದನೆಂದು ಪೋರ್ಚುಗೀಸ್ ವರ್ತಕ ನೂನಿಜ್ ಬರೆದಿದ್ದಾನೆ. ಅವುಗಳಲ್ಲಿ ಒಳ್ಳೆಯವು ಹೋರ್ಮುಜ್‌ನಿಂದ ಹಡಗಿನಲ್ಲಿ ಬಂದವು, ಉಳಿದವು ನಾಡತಳಿಯವು. 1565ರ ತರುವಾಯ ಪಾಳೆಯಗಾರರು ತಲೆಯೆತ್ತಿದಾಗ ಆ ಸಂಪತ್ತು ಯಾರ ಕೈಯಲ್ಲಿಯೂ ಉಳಿಯಲಿಲ್ಲ. ಕಡಲಾಚೆಯ ಎತ್ತರದ ಕುದುರೆಗಿಂತ ಒಣಹುಲ್ಲು ತಿಂದು ಬಾಳುವ ಗಿಡ್ಡ ತಟ್ಟುವೇ ಬಂಡೆಯ ಸಂದಿನಲ್ಲಿ ಮೇಲೆಂದು ನಾನು ತಿಳಿಯುತ್ತೇನೆ. ಬಯಲಿಗಿಳಿದಾಗ ಇದೇ ಪಾಳೆಯಗಾರರು ದೊಡ್ಡ ದಂಡುಗಳನ್ನೂ ಎದುರಿಸಿದರು: 1748ರ ಸುಮಾರಿಗೆ ಮಾಯಕೊಂಡದ ಕಾಳಗದಲ್ಲಿ ಹರಪನಹಳ್ಳಿಯ ಸೋಮಶೇಖರ ನಾಯಕನ ಕೈಯಲ್ಲಿ ಚಿತ್ರದುರ್ಗದ ಹಿರಿಯ ಮದಕರಿ ನಾಯಕನು ಮಡಿದನು.

ಈಗ ವಚನದ ಮಾತಿಗೆ ಮರಳೋಣ. ತಟ್ಟುವನ್ನೇರಿ ಕೊಟ್ಟೂರಿನ ಸಂತೆಗೆ ಹೋಗುತ್ತಿದ್ದ ವೃದ್ಧರೊಬ್ಬರನ್ನು ನಾನು ಬಾಲ್ಯದಲ್ಲಿ ಕಂಡಿದ್ದೆನು. ಏರಿನಲ್ಲಿ ಮುಂದಕ್ಕೆ ಬಾಗಿ ಜೂಲನ್ನು ಹಿಡಿಯಬೇಕು, ಹಿಂಗಾಲುಗಳ ಮೇಲಿನ ಭಾರ ಕಡಿಮೆಯಾಗುವಂತೆ. ಇಳಿಜಾರಿನಲ್ಲಿ ವಾಘೆಯನ್ನು ಸಡಿಲಿಸಬೇಕು ಎಂದು ಅವರು ಹೇಳುತ್ತಿದ್ದರು. ಇಳಿಯುವಾಗ ಕುದುರೆಯು ತಲೆ ತಗ್ಗಿಸಿ ನೆಲವನ್ನು ನೋಡುತ್ತದೆ, ಕತ್ತನ್ನು ಚಾಚಿ ತೂಕವನ್ನು ಸರಿಪಡಿಸಿಕೊಳ್ಳುತ್ತದೆ. ಭಯದಿಂದ ವಾಘೆಯನ್ನು ಜಗ್ಗಿದವನು ಕುದುರೆಯನ್ನೂ ಕೆಡವಿ ತಾನೂ ಬೀಳುತ್ತಾನೆ. ಇದನ್ನು ಬಲ್ಲವರಿಗೆ ಮನೋನಿಗ್ರಹವೆಂದರೆ ಬರಿಯ ಬಿಗಿತವೆಂಬ ವ್ಯಾಖ್ಯಾನವು ಒಪ್ಪಿಗೆಯಾಗದು. ಶಾಲೆಯಲ್ಲಿ ನಾನೂ ಎಷ್ಟೋ ವರ್ಷ ಹಾಗೆಯೇ ಪಾಠ ಹೇಳಿದೆನೆಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಕುದುರೆಯನ್ನು ಬಲ್ಲವನು ಏರುವವನೊಬ್ಬನೇ ಅಲ್ಲವೆಂಬುದೂ ಶರಣರಿಗೆ ತಿಳಿದಿತ್ತು. ಮಾದಾರ ಚೆನ್ನಯ್ಯನವರು ಚೋಳರಾಜನ ಲಾಯಕ್ಕೆ ಹುಲ್ಲು ಹೊರುತ್ತಿದ್ದರೆಂಬ ಕಥೆಯನ್ನು ನಮ್ಮ ಪುರಾತನರು ಎಷ್ಟು ಪ್ರೀತಿಯಿಂದ ಹೇಳಿಕೊಂಡು ಬಂದಿದ್ದಾರೆ!

ಪಾಳೆಯಗಾರರ ಸವಾರಿಯು ಕೊನೆಗೊಂಡದ್ದು ನಿಜಾಮನು 1800ರಲ್ಲಿ ಈ ಸೀಮೆಯನ್ನು ಕುಂಪಣಿಗೆ ಬಿಟ್ಟುಕೊಟ್ಟ ಮೇಲೆ. ಥಾಮಸ್ ಮನ್ರೋ 1807ರವರೆಗೆ ಇಲ್ಲಿ ಕಲೆಕ್ಟರನಾಗಿ, ಡೇರೆಗಳಲ್ಲಿಯೇ ವಾಸಿಸುತ್ತ ಊರೂರು ಸುತ್ತಿ, ಸುಮಾರು 80 ಪಾಳೆಯಗಾರರ ಬಲವನ್ನು ಮುರಿದನು. ಅವರ ದಂಡುಗಳು ಹೋದವು. ಹಾದಿಗಳು ಭಕ್ತರಿಗೆ ಉಳಿದವು. ಉಜ್ಜಯಿನಿಯ ಮರುಳಸಿದ್ಧೇಶ್ವರನ ಶಿಖರಕ್ಕೆ ವರ್ಷಕ್ಕೊಮ್ಮೆ ನಡೆಯುವ ತೈಲಾಭಿಷೇಕಕ್ಕೆ ಜರಿಮಲೆಯ ಪಾಳೆಯಗಾರರ ಮನೆತನದಿಂದ ಎಣ್ಣೆ ಬರುವ ಸಂಪ್ರದಾಯವು ಇಂದಿಗೂ ಇದೆ. ಹಡಗಲಿ ಸೀಮೆಯ ಮೈಲಾರದಲ್ಲಿಯಂತೂ ದೇವರೇ ಕುದುರೆಯೇರಿದ ರಾವುತ. ಭರತ ಹುಣ್ಣಿಮೆಯ ಜಾತ್ರೆಯಲ್ಲಿ ಕಾರಣಿಕದ ದಿನ ಕ್ಷೇತ್ರದ ಧರ್ಮಕರ್ತರು ಕುದುರೆಯ ಮೇಲೆಯೇ ಡೆಂಕನಮರಡಿಗೆ ಬರುತ್ತಾರೆ.