ಊರಿಗೆ ಉತ್ತರಿಸುವ ಪ್ರಯೋಗಾಲಯ

ಜೀವಿಗಳ ವಂಶವಾಹಿಯನ್ನು ಕತ್ತರಿಸಿ ಜೋಡಿಸುವ ಮುನ್ನ ಊರಿನವರನ್ನು ಕೇಳಬೇಕೆ? 1976ರಲ್ಲಿ ಅಮೆರಿಕದ ಕೇಂಬ್ರಿಜ್ ನಗರಸಭೆ ಈ ಪ್ರಶ್ನೆ ಎತ್ತಿತು. ಹಾರ್ವರ್ಡ್ ವಿಶ್ವವಿದ್ಯಾಲಯ ಅಂಥ ಪ್ರಯೋಗಾಲಯಕ್ಕೆ ಸಿದ್ಧತೆ ನಡೆಸಿದಾಗ ಮೇಯರ್ ಆಲ್ಫ್ರೆಡ್ ವೆಲುಚಿ ವಿಜ್ಞಾನಿಗಳನ್ನು ಬಹಿರಂಗ ಸಭೆಗೆ ಕರೆಸಿದರು. ಪ್ರಯೋಗಗಳಿಗೆ ತಾತ್ಕಾಲಿಕ ತಡೆ ಬಿತ್ತು. ನಾಗರಿಕರ ಮಂಡಳಿಯೊಂದು ತಿಂಗಳುಗಟ್ಟಲೆ ವಿಚಾರಿಸಿ, ಹೆಚ್ಚಿನ ಸುರಕ್ಷತೆಯೊಡನೆ ಸಂಶೋಧನೆ ಮುಂದುವರಿಯಲಿ ಎಂದಿತು. 1977ರಲ್ಲಿ ನಗರಸಭೆ ಅದಕ್ಕೊಂದು ಕಾನೂನು ಮಾಡಿತು.

ಅದೇ ನಗರದ ಎಂಐಟಿಯಲ್ಲಿ 2003ರಲ್ಲಿ ವಿದ್ಯಾರ್ಥಿಗಳಿಗೆ ಸಂಶ್ಲೇಷಿತ ಜೀವವಿಜ್ಞಾನದ ತರಗತಿ ಆರಂಭವಾಯಿತು. ಅದರಿಂದ ಹುಟ್ಟಿದ್ದು ‘ಐಜೆಮ್’ ಸ್ಪರ್ಧೆ. 2004ರಲ್ಲಿ ಐದೇ ತಂಡಗಳಿದ್ದ ಅದು ಮುಂದೆ ಹಲವು ದೇಶಗಳಿಗೆ ಹರಡಿತು. ಪ್ರಯೋಗ ಗೆದ್ದರಷ್ಟೇ ಸಾಲದು. ಅದರಿಂದ ಯಾರಿಗೆ ಒಳಿತು, ಯಾರಿಗೆ ಕೆಡುಕು ಎಂದು ಜನರ ನಡುವೆ ವಿಚಾರಿಸುವುದೂ ಸ್ಪರ್ಧೆಯ ಭಾಗವಾಯಿತು.

2009ರಲ್ಲಿ ಬೆಂಗಳೂರಿನ ‘ಸೃಷ್ಟಿ’ ಕಲಾಶಾಲೆಯ ವಿದ್ಯಾರ್ಥಿಗಳೂ ಅಲ್ಲಿಗೆ ಹೋದರು. ಮಳೆಗೆ ನೆನೆದ ಮಣ್ಣಿನ ವಾಸನೆಗೆ ಕಾರಣವಾದ ಜಿಯೋಸ್ಮಿನ್ ಅನ್ನು ಬ್ಯಾಕ್ಟೀರಿಯಾದಿಂದ ತಯಾರಿಸುವುದು ಅವರ ಪ್ರಯೋಗ. ಅವರು ಕಲೆಯ ವಿದ್ಯಾರ್ಥಿಗಳು, ಜೀವವಿಜ್ಞಾನಿಗಳಲ್ಲ.

ಯಂತ್ರ ಕೆಟ್ಟರೆ ನಿಲ್ಲಿಸಬಹುದು. ಹೊರಬಿದ್ದ ಜೀವಾಣು ಬದುಕುಳಿದರೆ ತಾನೇ ಬೆಳೆಯುತ್ತದೆ. ಆದ್ದರಿಂದಲೇ ಇಲ್ಲಿ ಪ್ರಶ್ನೆ ಮೊದಲು, ಪ್ರಯೋಗ ಆಮೇಲೆ. ಕೇಳುವವರು ವಿಜ್ಞಾನಿಗಳೇ ಆಗಬೇಕಿಲ್ಲ ಎಂಬುದನ್ನು ಕೇಂಬ್ರಿಜ್ಜಿನ ನಾಗರಿಕರು ಎಂದೋ ತೋರಿಸಿಕೊಟ್ಟಿದ್ದಾರೆ.