ಅಡಿಕೆ ಮತ್ತು ಬಾಯಿಯ ಕ್ಯಾನ್ಸರ್

ತಾಂಬೂಲವಿಲ್ಲದೆ ನಮ್ಮ ಶುಭಕಾರ್ಯಗಳು ಪೂರ್ಣವಾಗುವುದಿಲ್ಲ. ಆದರೆ ಅದೇ ಅಡಿಕೆಯನ್ನು ನಿತ್ಯವೂ ಜಗಿಯುವುದು ಅಪಾಯಕಾರಿ.

ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ತಂಬಾಕು ಬೆರೆತ ಎಲೆಯಡಿಕೆಯನ್ನು 1985ರಲ್ಲಿಯೇ ಕ್ಯಾನ್ಸರ್‌ಕಾರಕವೆಂದು ಗುರುತಿಸಿತ್ತು. 2004ರಲ್ಲಿ ಪ್ರಕಟವಾದ ವರದಿಯಲ್ಲಿ ತಂಬಾಕಿಲ್ಲದ ಅಡಿಕೆಯನ್ನೂ ಮೊದಲನೆಯ ವರ್ಗಕ್ಕೆ ಸೇರಿಸಿತು. ಈ ವರ್ಗವು ಸಾಕ್ಷ್ಯದ ಬಲವನ್ನು ಸೂಚಿಸುತ್ತದೆಯೇ ಹೊರತು ಅಪಾಯದ ಪ್ರಮಾಣವನ್ನಲ್ಲ. ಎಷ್ಟು ಕಾಲ, ದಿನಕ್ಕೆ ಎಷ್ಟು ಸಲ ಜಗಿಯುತ್ತಾರೆಂಬುದರ ಮೇಲೆ ಅಪಾಯ ಹೆಚ್ಚುತ್ತದೆ.

ಅಡಿಕೆಯಲ್ಲಿನ ಅರೆಕೋಲಿನ್ ಮೊದಲಾದ ಅಂಶಗಳಿಂದ ಕೆನ್ನೆಯ ಒಳಪದರವು ನಾರುಗಟ್ಟಿ, ಕ್ರಮೇಣ ಬಾಯಿ ತೆರೆಯುವುದೇ ಕಷ್ಟವಾಗುತ್ತದೆ. ಕೆಲವರಲ್ಲಿ ಇದು ಕ್ಯಾನ್ಸರಿಗೆ ತಿರುಗುತ್ತದೆ.

ಮಹಾರಾಷ್ಟ್ರ ಸರ್ಕಾರವು 2012ರಲ್ಲಿ ಗುಟ್ಖಾವನ್ನು ನಿಷೇಧಿಸಿತು. ಆದರೆ ಪಿಂಪ್ರಿ-ಚಿಂಚವಾಡದ ನಮ್ಮ ಮಕ್ಕಳು ಬಾಯಿಗೆ ಹಾಕಿಕೊಳ್ಳುವ ಸಿಹಿ ಸುಪಾರಿಯಲ್ಲಿರುವುದೂ ಅಡಿಕೆಯೇ. ಎರಡು ವಾರಗಳಾದರೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಕಲೆ ಕಂಡಲ್ಲಿ ದಂತವೈದ್ಯರಿಗೆ ತೋರಿಸತಕ್ಕದ್ದು. ಅಡಿಕೆಯು ಪೂಜೆಯ ತಟ್ಟೆಯಲ್ಲಿ ಶೋಭಿಸಲಿ, ದವಡೆಯಲ್ಲಿ ಬೇಡ.